ಧಾರೆ ಸೀರೆಯ ಬಿಳಿ, ಅರಿಶಿನದ ಹಳದಿ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಎರಡು ಬಣ್ಣದ ಗೂಡು ಬರುತ್ತದೆ. ದ್ವಿತಳಿಯದು ಬಿಳಿ, ಮಿಶ್ರತಳಿಯದು ಹಳದಿ. ಈ ಹಳದಿ ಹೆಚ್ಚಾಗಿ ಇರುವುದು ಎಳೆಯ ಮೇಲಿನ ಸೆರಿಸಿನ್ ಎಂಬ ಅಂಟಿನಲ್ಲಿ. ನೂಲನ್ನು ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದಾಗ ಬಣ್ಣದ ಬಹುಪಾಲು ಅದರ ಜೊತೆಗೇ ಹೊರಟುಹೋಗುತ್ತದೆ. ಉಳಿಯುವುದು ಕೆನೆಬಣ್ಣದ ಬಿಳುಪು. ಸುಣ್ಣದ ಬಿಳಿಯಲ್ಲ, ಹೊಸ ಹತ್ತಿ ಬಟ್ಟೆಯ ಬಿಳಿಯೂ ಅಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುಮಗಳು ಉಡುವ ಕೆಂಪಂಚಿನ ಧಾರೆ ಸೀರೆ, ಮದುಮಗನ ರೇಷ್ಮೆ ಪಂಚೆ, ಹೆಗಲ ಮೇಲಿನ ಶಲ್ಯ, ಎಲ್ಲದರ ಬಿಳುಪೂ ಇದೇ.

ಫೋಟೊದಲ್ಲಿ ಈ ಬಿಳುಪು ಉಳಿಯುವುದು ಅಪರೂಪ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ಛತ್ರಗಳಲ್ಲಿ ನಡೆದ ಮದುವೆಗಳ ಆಲ್ಬಂಗಳನ್ನು ಬಿಡಿಸಿ ನೋಡಿ. ಒಂದು ಪುಟದಲ್ಲಿ ಸೀರೆ ತಿಳಿನೀಲಿ, ಮುಂದಿನ ಪುಟದಲ್ಲಿ ಅದೇ ಸೀರೆ ಕಿತ್ತಳೆ. ಜೀರಿಗೆ ಬೆಲ್ಲ ಹಾಕುವ ಕ್ಷಣದಲ್ಲಿ ಹುಡುಗಿಯ ಒಂದು ಕೆನ್ನೆ ನೀಲಿ, ಇನ್ನೊಂದು ಕೆನ್ನೆ ಕೆಂಪು.

ಕಣ್ಣಿಗೆ ಈ ತೊಂದರೆ ಇಲ್ಲ. ಎಣ್ಣೆದೀಪದ ಬೆಳಕಿನಲ್ಲಿ ಉಂಡರೂ, ಬಯಲಿನಲ್ಲಿ ಕುಳಿತು ಉಂಡರೂ ಅನ್ನ ನಮಗೆ ಬೆಳ್ಳಗೇ ಕಾಣುತ್ತದೆ. ಕಣ್ಣಿನೊಳಗಿನ ಮೂರು ಬಗೆಯ ಬಣ್ಣಗ್ರಾಹಿಗಳು ಎದುರಿನ ಬೆಳಕಿಗೆ ತಕ್ಕಂತೆ ತಮ್ಮ ಚುರುಕನ್ನು ಬೇರೆಬೇರೆಯಾಗಿ ಹೆಚ್ಚಿಸಿ ತಗ್ಗಿಸಿಕೊಳ್ಳುತ್ತವೆ ಎಂದು ಜರ್ಮನಿಯ ಯೊಹಾನೆಸ್ ಫಾನ್ ಕ್ರೀಸ್ 1902ರಲ್ಲಿ ಸೂಚಿಸಿದರು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಸೆನ್ಸರ್ ಕೊಟ್ಟ ಕೆಂಪು ಮತ್ತು ನೀಲಿಯ ಅಳತೆಗಳನ್ನು ಗುಣಿಸಿ ಹಸಿರಿನ ಜೊತೆ ಸರಿದೂಗಿಸುತ್ತದೆ. ಎಷ್ಟರಿಂದ ಗುಣಿಸಬೇಕೆಂದು ಮಾತ್ರ ಯಾರಾದರೂ ಹೇಳಿಕೊಡಬೇಕು.

ಹೇಳಿಕೊಡಲು ಬಳಸುವ ಲೆಕ್ಕ ಕೆಲ್ವಿನ್‌ನದು. ಹಣತೆ, ಹೋಮದ ಉರಿ ಸುಮಾರು 1900. ಹಳೆಯ ಬಲ್ಬು 2700. ವಿಡಿಯೊದವರು ಹಿಂದೆ ಹಿಡಿಯುತ್ತಿದ್ದ ಹ್ಯಾಲೊಜೆನ್ ದೀಪ 3200. ನಡುಹಗಲ ಬಿಸಿಲು ಮತ್ತು ಫ್ಲಾಶ್ 5500ರ ಆಸುಪಾಸು. ಛತ್ರದ ಬಿಳಿ ಟ್ಯೂಬ್‌ಲೈಟು 6500. ಬಿಸಿಲು ಬೀಳದ ನೆರಳು 7000ಕ್ಕೂ ಮೇಲೆ. ಅಂಕಿ ಏರಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ. ಬೆಳಗಿನ ಮುಹೂರ್ತದಲ್ಲಿ ಕಿಟಕಿಯಿಂದ ಆಕಾಶದ ನೀಲಿ ಬೆಳಕು, ಮಂಟಪದ ಮೇಲೆ ಹಳದಿ ದೀಪ, ಕೆಳಗೆ ಹೋಮದ ಉರಿ, ಎದುರಿನಿಂದ ಫ್ಲಾಶ್. ನಾಲ್ಕು ಬೆಳಕಿಗೆ ಒಂದೇ ಅಂಕಿ ಕೊಟ್ಟರೆ ಮೂರಾದರೂ ತಪ್ಪುತ್ತವೆ. ಬಲ್ಲ ಫೋಟೊಗ್ರಾಫರ್ ಅಂಕಿಯನ್ನು ಹುಡುಕುವ ಮೊದಲು ಬೆಳಕುಗಳನ್ನು ಒಂದುಮಾಡುತ್ತಾನೆ. ಫ್ಲಾಶಿಗೆ ಕಿತ್ತಳೆ ಜೆಲ್ ಹಾಳೆ ಹಚ್ಚಿ ಅದನ್ನು ಮಂಟಪದ ದೀಪಕ್ಕೆ ಹೊಂದಿಸುತ್ತಾನೆ, ಬೇಡದ ಟ್ಯೂಬ್‌ಲೈಟನ್ನು ಆರಿಸಲು ಹೇಳುತ್ತಾನೆ, ವಿಡಿಯೊದವರ ಎಲ್‌ಇಡಿ ಎಷ್ಟಕ್ಕಿದೆ ಎಂದು ಕೇಳಿಕೊಳ್ಳುತ್ತಾನೆ.

ಎಲ್ಲವನ್ನೂ ಆಟೊಗೆ ಬಿಟ್ಟರೆ ಏನಾಗುತ್ತದೆ? ಆಟೊ ವೈಟ್ ಬ್ಯಾಲೆನ್ಸಿನ ಹಳೆಯ, ಮೂಲ ಊಹೆ ಹೀಗೆ: ಚೌಕಟ್ಟಿನೊಳಗಿನ ಬಣ್ಣಗಳನ್ನೆಲ್ಲ ಸರಾಸರಿ ತೆಗೆದರೆ ಬೂದು ಬರಬೇಕು. ಇಂದಿನ ಕ್ಯಾಮೆರಾಗಳು ಇನ್ನಷ್ಟು ಜಾಣ. ಆದರೂ ಚೌಕಟ್ಟಿನ ತುಂಬ ಒಂದೇ ಬಣ್ಣವಿದ್ದರೆ ಅವೂ ಎಡವುತ್ತವೆ. ನಮ್ಮ ಅರಿಶಿನ ಶಾಸ್ತ್ರ ಈ ಊಹೆಗೆ ಒಗ್ಗುವುದೇ ಇಲ್ಲ. ಮೈಗೆ ಅರಿಶಿನ, ಸುತ್ತ ಚೆಂಡು ಹೂವು, ಸೇವಂತಿಗೆಯ ಮಾಲೆ, ಮೇಲೆ ಹಳದಿ ಶಾಮಿಯಾನದಿಂದ ಸೋಸಿ ಬರುವ ಬಿಸಿಲು. ಇಷ್ಟು ಹಳದಿಯನ್ನು ಕಂಡ ಕ್ಯಾಮೆರಾ ಅದನ್ನು ದೋಷವೆಂದು ಭಾವಿಸಿ ನೀಲಿ ಸುರಿಯುತ್ತದೆ. ಅರಿಶಿನ ಬಿಳಿಚಿಕೊಳ್ಳುತ್ತದೆ, ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ಆ ಶಾಸ್ತ್ರ ನಡೆದದ್ದೇ ಹಳದಿಗಾಗಿ. ಅದನ್ನೇ ಅಳಿಸಿದ ಚಿತ್ರವನ್ನು ನಾನು ಸರಿಯಾದ ಚಿತ್ರ ಎನ್ನಲಾರೆ.

ಇನ್ನೊಂದು ಕಡೆ ಬಿಳಿ ಬಟ್ಟೆಯ ಮೋಸವಿದೆ. ಪಕ್ಕದಲ್ಲಿ ನಿಂತವರ ಪಂಚೆಗೆ ಕ್ಯಾಮೆರಾ ಹಿಡಿದು ವೈಟ್ ಬ್ಯಾಲೆನ್ಸ್ ಹೊಡೆಯುವ ಅಭ್ಯಾಸ ಹಲವರಿಗಿದೆ. ಹೊಸ ಹತ್ತಿ ಪಂಚೆಗೆ ಗಿರಣಿಯಲ್ಲೇ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ. ಅದು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುತ್ತದೆ. ಮನೆಯಲ್ಲಿ ಒಗೆದ ಮೇಲೆ ನೀಲಿಯಲ್ಲೂ ಅದ್ದುತ್ತೇವೆ. ಆ ಪಂಚೆಯನ್ನೇ ಬಿಳಿಯೆಂದು ನಂಬಿದ ಕ್ಯಾಮೆರಾ ಉಳಿದದ್ದನ್ನೆಲ್ಲ ಹಳದಿ ಮಾಡುತ್ತದೆ. ರೇಷ್ಮೆ ಶಲ್ಯವನ್ನು ತೋರಿಸಿದರೆ ಅದರ ಕೆನೆಬಣ್ಣವನ್ನು ತೊಡೆದುಹಾಕಲು ಹೋಗಿ ಎಲ್ಲವನ್ನೂ ನೀಲಿ ಮಾಡುತ್ತದೆ. ಒಂದೇ ಮಂಟಪದಲ್ಲಿ ಒಬ್ಬ ಪಂಚೆಗೂ ಇನ್ನೊಬ್ಬ ಶಲ್ಯಕ್ಕೂ ಹೊಡೆದಿದ್ದರೆ ಆಲ್ಬಂ ಮಾಡುವವನ ಪಾಡು ಕಷ್ಟ. ಬೂದು ಬಣ್ಣದ ಗ್ರೇ ಕಾರ್ಡ್ ಇರುವುದು ಇದಕ್ಕೇ. ಮುಹೂರ್ತಕ್ಕೆ ಮುಂಚೆ ಮಂಟಪದಲ್ಲಿ, ಮದುಮಕ್ಕಳ ಮುಖ ಇರುವ ಜಾಗದಲ್ಲೇ ಅದನ್ನು ಹಿಡಿದು ಒಂದು ಚಿತ್ರ ತೆಗೆದುಕೊಂಡರೆ ಸಾಕು.

ಆರತಕ್ಷತೆಯ ವೇದಿಕೆಯ ಕಷ್ಟ ಬೇರೆಯದು. ಅಲ್ಲಿನ ನೇರಳೆ, ನೀಲಿ ಎಲ್‌ಇಡಿಗಳು ಬೆಳಕಿನ ಒಂದೆರಡು ಕಿರಿದಾದ ಪಟ್ಟಿಗಳನ್ನಷ್ಟೇ ಕೊಡುತ್ತವೆ. ಅಚ್ಚ ನೀಲಿ ಬೆಳಕಿನಲ್ಲಿ ಮುಖದಿಂದ ಕೆಂಪು ಹಿಂತಿರುಗುವುದೇ ಇಲ್ಲ. ರಾ ಫೈಲ್‌ನಲ್ಲಿ ತೆಗೆದರೆ ಆಮೇಲೆ ಸರಿಮಾಡಬಹುದೆಂಬ ಧೈರ್ಯ ಇಲ್ಲಿ ನಡೆಯದು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಇಷ್ಟೆಲ್ಲ ಸರಿಯಾಗಿ ತೆಗೆದ ಚಿತ್ರವನ್ನೂ ಕಂಪ್ಯೂಟರಿನ ಮುಂದೆ ಕೆಡಿಸುವುದುಂಟು. ನನಗೆ ಹೆಚ್ಚು ನೋವಾಗುವುದು ಇದರಿಂದ. ಕಪ್ಪು, ಎಣ್ಣೆಗೆಂಪು, ಗೋಧಿಬಣ್ಣದ ಹುಡುಗಿಯರನ್ನೆಲ್ಲ ಒಂದೇ ಸಮ ಬಿಳಿಚಿಸುವ ಚಾಳಿ. ಇದಕ್ಕೆ ಹಳೆಯ ಬೇರಿದೆ. ಕಳೆದ ಶತಮಾನದ ನಡುವಿನಿಂದ ಕೊಡಾಕ್ ತನ್ನ ಬಣ್ಣದ ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರಕ್ಕೆ ‘ಶರ್ಲಿ ಕಾರ್ಡ್’ ಎಂದು ಹೆಸರು. ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಮುಖ; ಆ ಮುಖ ಚೆನ್ನಾಗಿ ಬಂದರೆ ಯಂತ್ರ ಸರಿಯಿದೆ ಎಂದು ಲೆಕ್ಕ. ಬೇರೆ ಮೈಬಣ್ಣಗಳು ಆ ಕಾರ್ಡಿಗೆ ಬಂದದ್ದು 1990ರ ದಶಕದಲ್ಲಿ. ಫಿಲ್ಮು ಹೋಯಿತು, ಲ್ಯಾಬು ಬದಲಾಯಿತು. ಬಿಳುಪೇ ಸರಿ ಎಂಬ ಎಣಿಕೆ ಮಾತ್ರ ನಮ್ಮ ಕರಿಜ್ಮಾ ಆಲ್ಬಂಗಳಲ್ಲಿ ಇನ್ನೂ ಉಳಿದಿದೆ. ಇದರಲ್ಲಿ ಫೋಟೊಗ್ರಾಫರ್‌ನ ಪಾಲಿಗಿಂತ ಮನೆಯವರ ಪಾಲು ದೊಡ್ಡದು. ‘ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಪ್ಪ’ ಎಂದು ಕೇಳುವವರು ನಾವೇ. ಕಪ್ಪು ಮೈಬಣ್ಣದಲ್ಲಿ ಕೆಂಪು, ಹಳದಿಗಳ ಒಂದು ಬೆಚ್ಚನೆಯ ತಳವಿರುತ್ತದೆ. ಅದನ್ನು ಕಿತ್ತರೆ ಮುಖ ಬೆಳ್ಳಗಾಗುವುದಿಲ್ಲ, ರಕ್ತಹೀನವಾಗುತ್ತದೆ. ಮಗಳು ಹೇಗಿದ್ದಳೆಂದು ಮೊಮ್ಮಕ್ಕಳಿಗೆ ತೋರಿಸಲು ಉಳಿಯುವುದು ಆ ಆಲ್ಬಮ್ಮೇ.

ಮುಂದಿನ ಲಗ್ನದ ಕಾಲಕ್ಕೆ ಮನೆಯಲ್ಲಿ ಮದುವೆ ಇಟ್ಟುಕೊಂಡಿರುವವರಲ್ಲಿ ನನ್ನ ಕೋರಿಕೆ ಎರಡೇ. ಛತ್ರ ಗೊತ್ತುಮಾಡುವಾಗಲೇ, ಧಾರೆಯ ಹೊತ್ತಿಗೆ ಬಣ್ಣದ ದೀಪಗಳನ್ನು ಆರಿಸಿ ಒಂದೇ ಬಗೆಯ ದೀಪ ಉಳಿಸಬೇಕೆಂದು ಮಾತಾಡಿಕೊಳ್ಳಿ. ಫೋಟೊದವರಿಗೆ ಅಡ್ವಾನ್ಸ್ ಕೊಡುವ ದಿನವೇ ಹೇಳಿ: ನಮ್ಮ ಹುಡುಗಿಯ ಮೈಬಣ್ಣವನ್ನು ತಿದ್ದಬೇಡಿ.