ವ್ರತಭಂಗದ ಮರುದಿನ

ಕುಡಿತ ಬಿಡಬೇಕೆಂದು ನಿಶ್ಚಯಿಸಿದವನಿಗೆ ನಮ್ಮ ಸಮಾಜ ಮೊದಲು ತೋರುವ ದಾರಿ ಆಣೆಯದು. ದೇವರ ಮುಂದೆ ಕರ್ಪೂರ ಹಚ್ಚಿ, ಮಕ್ಕಳ ತಲೆಯ ಮೇಲೆ ಕೈಯಿಟ್ಟು, ಇನ್ನು ಮುಟ್ಟೆನೆಂದು ಅವನು ನುಡಿಯುತ್ತಾನೆ. ಆ ನುಡಿಯಲ್ಲಿ ಕಪಟವಿರಬೇಕಾಗಿಲ್ಲ. ಆದರೆ ಅದು ತಪ್ಪಿದ ದಿನ ಮಾಡಬೇಕಾದುದೇನು ಎಂಬುದನ್ನು ಆಣೆ ಹೇಳಿಕೊಡುವುದಿಲ್ಲ. ಚಿಕಿತ್ಸೆಯ ನಿಜವಾದ ಪರೀಕ್ಷೆ ನಡೆಯುವುದು ಆ ದಿನದಲ್ಲಿಯೇ.

ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆಲನ್ ಮಾರ್ಲಟ್, ಜುಡಿತ್ ಗಾರ್ಡನ್ ಅವರೊಡನೆ 1985ರಲ್ಲಿ ಪ್ರಕಟಿಸಿದ ಗ್ರಂಥ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಮತ್ತೆ ಒಂದು ಲೋಟ ಕುಡಿದದ್ದು ಜಾರಿಕೆ, ಪೂರ್ಣ ಪತನವಲ್ಲ. ಜಾರಿದವನು ಏಳುವನೋ ಬೀಳುವನೋ ಎಂಬುದು, ಆ ಜಾರಿಕೆಗೆ ಅವನು ಕೊಟ್ಟುಕೊಳ್ಳುವ ಅರ್ಥವನ್ನು ಬಹುಮಟ್ಟಿಗೆ ಅವಲಂಬಿಸಿದೆ. ‘ನಾನು ಹೇಡಿ, ನನ್ನಿಂದ ಆಗದು’ ಎಂದು ತೀರ್ಮಾನಿಸಿದವನು ಎರಡನೆಯ ಲೋಟಕ್ಕೆ ಕೈಚಾಚುತ್ತಾನೆ. ಮಾರ್ಲಟ್ ಇದಕ್ಕಿಟ್ಟ ಹೆಸರನ್ನು ಕನ್ನಡದಲ್ಲಿ ‘ವ್ರತಭಂಗದ ಪರಿಣಾಮ’ ಎನ್ನಬಹುದು. ಮುಳುಗಿದವನಿಗೆ ಚಳಿಯೇನೆಂಬ ನಮ್ಮ ಗಾದೆ ಈ ಮನಸ್ಸನ್ನು ಎಂದೋ ಗುರುತಿಸಿದೆ.

ಈ ವಿಚಾರಕ್ಕೆ ಆಶ್ರಯವಾದುದು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಎಂದರೆ ಆಲೋಚನೆ ಮತ್ತು ವರ್ತನೆಗಳನ್ನು ಒಟ್ಟಿಗೆ ತಿದ್ದುವ ಚಿಕಿತ್ಸೆ. ಫಿಲಡೆಲ್ಫಿಯಾದ ವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗಾಗಿ ರೂಪಿಸಿದ ಪದ್ಧತಿ ಇದರ ಮುಖ್ಯ ಮೂಲಗಳಲ್ಲೊಂದು. ಇಲ್ಲಿ ಉಪದೇಶಕ್ಕಿಂತ ಅಭ್ಯಾಸ ಹೆಚ್ಚು. ಯಾವ ಹೊತ್ತಿನಲ್ಲಿ, ಯಾರ ಸಂಗದಲ್ಲಿ, ಎಂಥ ಬೇಸರದಲ್ಲಿ ಆಸೆ ಹುಟ್ಟಿತು, ಆಗ ಮನಸ್ಸು ಯಾವ ನೆಪ ಹೇಳಿತು ಎಂಬುದನ್ನು ರೋಗಿ ಬರೆದಿಡುತ್ತಾನೆ. ಆಸೆ ಅಲೆಯಂತೆ ಏರಿ ತಾನೇ ಇಳಿಯುವುದೆಂಬುದನ್ನು ಗಮನಿಸಲು ಕಲಿಯುತ್ತಾನೆ. ಗೆಳೆಯ ಕರೆದಾಗ ಒಲ್ಲೆನೆನ್ನುವ ಮಾತನ್ನು ಮೊದಲೇ ಆಡಿ ರೂಢಿಸಿಕೊಳ್ಳುತ್ತಾನೆ.

ಜಾರಿಕೆಯನ್ನು ಹೀಗೆ ಕ್ಷಮಿಸಿದರೆ ಕುಡಿಯಲು ಅಪ್ಪಣೆ ಕೊಟ್ಟಂತಾಗದೆ, ಎಂದು ಕೇಳುವವರುಂಟು. ಆಗದು. ಲೆಕ್ಕ ತಪ್ಪಿದ ಹುಡುಗನಿಗೆ ತಪ್ಪಿದ ಹೆಜ್ಜೆಯನ್ನು ತೋರಿಸುವ ಉಪಾಧ್ಯಾಯರು ತಪ್ಪನ್ನು ಒಪ್ಪಿದಂತಲ್ಲ.

ಹಾಗೆಂದು ಈ ಚಿಕಿತ್ಸೆ ಸಂಜೀವಿನಿಯೂ ಅಲ್ಲ. ಅಮೆರಿಕದಲ್ಲಿ 1,726 ಮದ್ಯವ್ಯಸನಿಗಳನ್ನು ಒಳಗೊಂಡು ನಡೆದ ‘ಪ್ರಾಜೆಕ್ಟ್ ಮ್ಯಾಚ್’ ಎಂಬ ಅಧ್ಯಯನದ ಫಲಿತಾಂಶ 1997ರಲ್ಲಿ ಹೊರಬಂದಾಗ, ಹೋಲಿಸಿದ ಮೂರು ಪದ್ಧತಿಗಳ ನಡುವೆ ಹೆಚ್ಚಿನ ಅಂತರ ಕಾಣಲಿಲ್ಲ. ಇದು ಆ ಮೂರರಲ್ಲಿ ಒಂದು. ಅಲ್ಲದೆ, ಬಹುಕಾಲ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬರಬಹುದು; ಅವನಿಗೆ ಮೊದಲು ಬೇಕಾದುದು ವೈದ್ಯನ ನೆರವು.

ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮನಃಸ್ಥಿತಿಗಳನ್ನು ಕಾಯಿಲೆಯೆಂದೇ ಎಣಿಸಿದೆ. ನಮ್ಮ ನಾಲಗೆ ಮಾತ್ರ ಇನ್ನೂ ‘ನಾಯಿಯ ಬಾಲ ಡೊಂಕು’ ಎನ್ನುತ್ತಿದೆ. ಸೋತು ಮನೆಗೆ ಬಂದವನು ತನ್ನನ್ನು ಕುರಿತು ಆಗಲೇ ಅಷ್ಟನ್ನೂ ಅಂದುಕೊಂಡಿರುತ್ತಾನೆ. ಆ ತೀರ್ಪಿಗೆ ನಾವು ಮೊಹರು ಒತ್ತುವ ಬದಲು, ನಿನ್ನೆ ಕಾಲು ಜಾರಿದ್ದು ಎಲ್ಲಿ ಎಂದು ಅವನೊಡನೆ ಕುಳಿತು ವಿಚಾರಿಸೋಣ.