ಇರುಳಿನ ಕಣ್ಣು

ಜಯನಗರದ ಹಳೆಯ ಮನೆಯಾಗಲಿ, ಬನಶಂಕರಿಯ ಹೊಸ ಮಹಡಿಯಾಗಲಿ, ಸಂಜೆ ದೀಪ ಹತ್ತಿದೊಡನೆ ಗೋಡೆಯ ಮೇಲೆ ಹಲ್ಲಿಯೊಂದು ಹಾಜರಾಗುವುದುಂಟು. ಅದು ಲೊಚಗುಟ್ಟಿದರೆ ಶಕುನವೆಂದೆಣಿಸುವ ನಾವು ಅದರ ಕಣ್ಣನ್ನು ನೋಡುವ ಗೋಜಿಗೆ ಹೋಗುವುದಿಲ್ಲ. ನೋಡತಕ್ಕದ್ದು ಆ ಕಣ್ಣೇ.

ನಮ್ಮ ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಕಣಗಳು ಎರಡು ಬಗೆ. ಶಂಕುವಿನಾಕಾರದವು ಹಗಲಿನಲ್ಲಿ ಬಣ್ಣಗಳನ್ನು ತೋರುತ್ತವೆ. ಕಡ್ಡಿಯಾಕಾರದವು ಮಂದಬೆಳಕಿನಲ್ಲಿ ಕೆಲಸಮಾಡುತ್ತವೆ, ಆದರೆ ಬಣ್ಣವನ್ನರಿಯವು. ಆದುದರಿಂದಲೇ ಇರುಳಿನಲ್ಲಿ ಅಂಗಳದ ಕೆಂಪು ದಾಸವಾಳವೂ ನಮಗೆ ಕಪ್ಪಾಗಿ ಕಾಣುತ್ತದೆ. ಹಲ್ಲಿಯ ಪೂರ್ವಜರು ಹಗಲುಜೀವಿಗಳಾಗಿದ್ದು ಕಡ್ಡಿಕಣಗಳನ್ನು ಕಳೆದುಕೊಂಡಿದ್ದರು. ಇರುಳಿಗಿಳಿದ ಸಂತತಿಯಲ್ಲಿ ಉಳಿದಿದ್ದ ಶಂಕುಗಳೇ ಹಿಗ್ಗಿ ಕತ್ತಲೆಗೆ ಒಗ್ಗಿದವು. 2004ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ರೋತ್ ಮತ್ತು ಕೆಲ್ಬರ್ ಎಂಬ ವಿದುಷಿಯರು ಆಫ್ರಿಕದ ಹಲ್ಲಿಯೊಂದನ್ನು ಪರೀಕ್ಷಿಸಿ, ಮಂಕು ಬೆಳುದಿಂಗಳಷ್ಟು ಬೆಳಕಿನಲ್ಲಿಯೂ ಅದು ನೀಲಿಯನ್ನು ಬೂದುಬಣ್ಣದಿಂದ ಬೇರ್ಪಡಿಸಿ ತಿಳಿಯುವುದೆಂದು ಕಂಡರು. ಅದರ ಕಣ್ಣು ನಮ್ಮ ಶಂಕುದೃಷ್ಟಿಗಿಂತ 350 ಮಡಿ ಸೂಕ್ಷ್ಮವೆಂದು ಲೆಕ್ಕ. ಇಂಥ ಕಣ್ಣು ವಿದ್ಯುದ್ದೀಪದ ಪ್ರಖರತೆಯನ್ನು ತಾಳಲಾರದು. ಆದುದರಿಂದ ದೀಪದ ಬಳಿ ಹಲ್ಲಿಯ ಪಾಪೆ ಸಣ್ಣ ಗೆರೆಯಾಗಿ ಮುಚ್ಚಿಕೊಳ್ಳುತ್ತದೆ, ಕತ್ತಲೆಗೆ ಸರಿದರೆ ಅಗಲವಾಗಿ ತೆರೆಯುತ್ತದೆ.

ಹಲ್ಲಿಯ ಮಾತು ವಿನೋದಕ್ಕಾಯಿತು, ಹಾವಿನದು ಹಾಗಲ್ಲ. ಕೊಳಕುಮಂಡಲಕ್ಕೂ ಇಂಥದೇ ನೆಟ್ಟ ಗೆರೆಯ ಪಾಪೆ. ತರಗೆಲೆಯ ಬಣ್ಣದಲ್ಲಿ ಬಣ್ಣವಾಗಿ ಅದು ಅಲುಗದೆ ಬಿದ್ದಿರುತ್ತದೆ. ಕಟ್ಟುಹಾವು ಸೀಳುನಾಲಗೆಯಿಂದ ವಾಸನೆಯ ಕಣಗಳನ್ನು ಅಂಗುಳಿನ ಇಂದ್ರಿಯಕ್ಕೆ ಒಯ್ದು ದಾರಿಯನ್ನರಿಯುತ್ತದೆ. ಕತ್ತಲೆಯಲ್ಲಿ ಕುರುಡರು ಅವಲ್ಲ, ನಾವು.

ಆದುದರಿಂದ ತುರಹಳ್ಳಿ ಕಾಡಿನಂಚಿನಲ್ಲಾಗಲಿ, ಪೊದೆ ಬೆಳೆದ ಖಾಲಿ ನಿವೇಶನದ ಪಕ್ಕದಲ್ಲಾಗಲಿ ವಾಸಿಸುವವರು ಹಿತ್ತಿಲಿಗೆ ಇಳಿಯುವಾಗಲೂ ಕೈಯಲ್ಲಿ ಟಾರ್ಚು ಹಿಡಿಯತಕ್ಕದ್ದು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಲಿ. ಕಟ್ಟುಹಾವಿನ ಕಡಿತದಲ್ಲಿ ನೋವೂ ಬಾವೂ ಅನೇಕ ವೇಳೆ ಕಾಣವು. ಅದನ್ನು ನಂಬಿ ಬೆಳಗಿನವರೆಗೆ ಕಾಯಲಾಗದು. ಗಾಯವನ್ನು ಕೊಯ್ಯದೆ, ಬಿಗಿದು ಕಟ್ಟದೆ, ಕಡಿತಕ್ಕೊಳಗಾದವರನ್ನು ನಡೆಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ಪ್ರತಿವಿಷವೊಂದೇ ಮದ್ದು. 2024ರಲ್ಲಿ ನಮ್ಮ ಸರ್ಕಾರವು ಹಾವುಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿಮಾಡಬೇಕೆಂದು ವಿಧಿಸಿತು.

ಹಾವಿಗೆ ಅದರ ಇಂದ್ರಿಯಗಳುಂಟು, ನಮಗೆ ದೀಪವುಂಟು. ಅದನ್ನು ಹೊತ್ತಿಸಿಕೊಂಡು ಹೆಜ್ಜೆಯಿಟ್ಟರೆ ಇಬ್ಬರಿಗೂ ಕ್ಷೇಮ.