ಕಲಾಕ್ಷೇತ್ರದ ಪೂರ್ವರಂಗ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಪುರಭವನಕ್ಕೆ ಸಮೀಪದಲ್ಲಿರುವ ರವೀಂದ್ರ ಕಲಾಕ್ಷೇತ್ರವನ್ನು ಅರಿಯದ ರಸಿಕರು ನಮ್ಮಲ್ಲಿ ವಿರಳ. 1961ರ ಠಾಕೂರರ ಜನ್ಮಶತಾಬ್ದಿಯ ಸ್ಮಾರಕವಾಗಿ ಕಟ್ಟಿ, 1963ರಲ್ಲಿ ತೆರೆದ ಮಂದಿರವದು. ಎರಡು ಸಾವಿರದಷ್ಟು ಹಾಡುಗಳನ್ನು ಕಟ್ಟಿ, ಇಳಿವಯಸ್ಸಿನಲ್ಲಿ 'ಚಿತ್ರಾಂಗದಾ', 'ಶ್ಯಾಮಾ'ಗಳಂತಹ ನೃತ್ಯನಾಟಕಗಳನ್ನು ರಚಿಸಿದ ಕವಿಯ ಹೆಸರು ಹೊತ್ತ ಮನೆಯಲ್ಲಿ ಗೀತ-ನೃತ್ಯಗಳು ಯಜಮಾನಿಕೆ ನಡೆಸಬೇಕಾದುದು ನ್ಯಾಯ. ಆದರೆ ಅಲ್ಲಿ ಅವು ಅತಿಥಿಗಳಂತೆ ಹೊರಗೆ ಕಾಯುವುದನ್ನು ನಾನು ಕಂಡಿದ್ದೇನೆ.

ಕೆಲವು ತಿಂಗಳ ಹಿಂದೆ ಹತ್ತು ಮಂದಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಭರತನಾಟ್ಯಕ್ಕೆ ಕರೆದೊಯ್ದಿದ್ದೆ. ತರಗತಿಯಲ್ಲಿ ಪಂಪನ 'ಆದಿಪುರಾಣ'ದ ನೀಲಾಂಜನೆಯ ಪ್ರಸಂಗ ನಡೆದಿತ್ತು. ನೃತ್ಯವನ್ನು ರಂಗದ ಮೇಲೆ ಎಂದೂ ನೋಡದಿದ್ದ ಹಳ್ಳಿಯ ಹುಡುಗಿಯೊಬ್ಬಳು, ನೋಡದೆ ಈ ಪದ್ಯಗಳನ್ನು ಅರಿಯುವುದು ಹೇಗೆ ಎಂದು ಕೇಳಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಹ್ವಾನಪತ್ರಿಕೆಯಲ್ಲಿ ಆರು ಗಂಟೆ ಎಂದಿತ್ತು. ಆರೂವರೆಗೆ ದೀಪ ಬೆಳಗಿದರು. ಬಳಿಕ ಸ್ವಾಗತ, ಪ್ರಾಸ್ತಾವಿಕ ನುಡಿ, ಪೇಟ, ಶಾಲು, ಹಣ್ಣಿನ ಬುಟ್ಟಿ. ಎರಡೇ ಮಾತು ಎಂದು ಎದ್ದ ಮಹನೀಯರೊಬ್ಬರು ಮುಕ್ಕಾಲು ಗಂಟೆ ನಿಂತರು. ಅತ್ತ ಪರದೆಯ ಮರೆಯಲ್ಲಿ ಗೆಜ್ಜೆ ಕಟ್ಟಿದ ಕಲಾವಿದೆ. ಎಂಟೂಮುಕ್ಕಾಲಕ್ಕೆ ಮೃದಂಗದ ಶ್ರುತಿ ಕೇಳಿಸಿತು. ಅಲಾರಿಪು ಮುಗಿಯುತ್ತಲೇ ಆ ಹುಡುಗಿ ಮೆಲ್ಲನೆ ಎದ್ದು, "ಸರ್, ಮಾರ್ಕೆಟ್ಟಿನಿಂದ ನಮ್ಮ ಕಡೆಗೆ ಕೊನೆಯ ಬಸ್ಸು ಹೋಗಿಬಿಡುತ್ತದೆ" ಎಂದಳು. ಮತ್ತೆ ನಾಲ್ವರು ಅವಳ ಹಿಂದೆ ಹೊರಟರು. ನೀಲಾಂಜನೆಯ ಕಥೆಯಲ್ಲಿ ಮರೆಯಾಗುವವಳು ನರ್ತಕಿ. ಇಲ್ಲಿ ಸಭಿಕರೇ ಮರೆಯಾದರು. ಕರೆದ ಸಂಸ್ಥೆಯ ಹೆಸರು ಬೇಡ. ಇದು ಯಾವುದೋ ಒಂದು ಸಂಸ್ಥೆಯ ಚಾಳಿಯಲ್ಲ, ಮಂದಿರದ ತಪ್ಪಂತೂ ಅಲ್ಲ.

ಮಂದಿರದ ದೊಡ್ಡ ಗುಣವೆಂದರೆ ಅದು ಇರುವ ಜಾಗ. ಕೃಷ್ಣರಾಜ ಮಾರುಕಟ್ಟೆಗೆ ಬಸ್ಸು ಇಳಿದವನು ನಡೆದೇ ಅಲ್ಲಿಗೆ ತಲುಪಬಲ್ಲ. 1972ರಲ್ಲಿ ಬಿ.ವಿ. ಕಾರಂತರು ಅದರ ಹಿಂದಿನ ಬಯಲಿನಲ್ಲಿ 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ'ಗಳನ್ನು ಆಡಿಸಿದರೆಂಬುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಬಸ್ಸಿನವರಿಗೆ ಒದಗುವ ಇಂಥ ಮಂದಿರದಲ್ಲಿ ಹೊತ್ತು ಕಳೆದರೆ, ನಷ್ಟವಾಗುವುದು ಬಸ್ಸಿನವರಿಗೇ; ಕಾರಿನವರು ಹತ್ತೂವರೆಗೂ ಕುಳಿತಾರು.

ನಾಟ್ಯಕ್ಕೆ ಮುನ್ನ ಪೂರ್ವರಂಗವಿರಬೇಕೆಂದು ವಿಧಿಸಿದವನು ಭರತಮುನಿಯೇ. ಆದರೆ ಅದೇ ಐದನೆಯ ಅಧ್ಯಾಯದಲ್ಲಿ, ಅದು ಅತಿಯಾದರೆ ಪ್ರಯೋಗಿಸುವವರೂ ನೋಡುವವರೂ ದಣಿಯುತ್ತಾರೆ, ದಣಿದವರಿಗೆ ರಸಭಾವಗಳು ಸ್ಪಷ್ಟವಾಗಲಾರವು ಎಂದೂ ಎಚ್ಚರಿಸಿದ್ದಾನೆ. ಆತ ಹೇಳಿದ್ದು ಗೀತ-ನೃತ್ತಗಳ ಪೂರ್ವರಂಗವನ್ನು ಕುರಿತು. ನಮ್ಮ ಭಾಷಣಗಳನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ!

ದಾನಿಗಳನ್ನು ಗೌರವಿಸದಿದ್ದರೆ ಕಾರ್ಯಕ್ರಮವೇ ನಡೆಯದು ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಬಾಡಿಗೆ, ಪಕ್ಕವಾದ್ಯದವರ ಸಂಭಾವನೆ, ವೇಷಭೂಷಣ ಇವೆಲ್ಲ ಎಲ್ಲಿಂದಲೋ ಬರಬೇಕು. ನಾನು ಬೇಡುವುದು ಗೌರವದ ಲೋಪವನ್ನಲ್ಲ, ಅದರ ಸ್ಥಾನಾಂತರವನ್ನು. ಹೇಳಿದ ಗಳಿಗೆಗೆ ನೃತ್ಯ ಮೊದಲಾಗಲಿ. ಶಾಲು ಹೊದಿಸುವುದು ಕೊನೆಗಿರಲಿ. ಇರಬೇಕೆನಿಸಿದವರು ಇರುತ್ತಾರೆ. ಮಂದಿರ ಸರ್ಕಾರದ್ದು, ಬಾಡಿಗೆಯ ಕರಾರಿನಲ್ಲಿ ಇದನ್ನೊಂದು ಷರತ್ತಾಗಿ ಸೇರಿಸುವುದಕ್ಕೆ ಖರ್ಚೇನೂ ಇಲ್ಲ.

ಮತ್ತೊಮ್ಮೆ ಹೋಗೋಣವೆಂದು ಆ ಹುಡುಗಿಗೆ ಹೇಳಿದ್ದೇನೆ. ಈ ಸಲ ಆಹ್ವಾನಪತ್ರಿಕೆಯಲ್ಲಿ ವೇದಿಕೆಯ ಮೇಲಿರುವವರ ಹೆಸರುಗಳನ್ನು ಮೊದಲು ಎಣಿಸಿ ನೋಡುತ್ತೇನೆ.